ಲೇಹ್ ಸುತ್ತಿನ ಸೈಕಲ್ ದಾರಿಗಳು: ಯಾವ ಏರು ಯಾರಿಗೆ, ಯಾವ ದಿನಕ್ಕೆ

ಲಡಾಖ್‌ಗೆ ಸೈಕಲ್ ಒಯ್ಯುವ ಯೋಚನೆಯಲ್ಲಿರುವ ಬೆಂಗಳೂರು, ಮೈಸೂರಿನ ಗೆಳೆಯರು ಮೊದಲು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ಖರ್ದುಂಗ್ ಲಾ ಏರು ನಂದಿ ಬೆಟ್ಟಕ್ಕಿಂತ ಎಷ್ಟು ಕಡಿದು? (ಲಾ ಎಂದರೆ ಅಲ್ಲಿನ ಮಾತಿನಲ್ಲಿ ಘಾಟಿ.) ಲೆಕ್ಕ ಹಾಕಿ ನೋಡಿ. ನಂದಿಯ ಏರು ಏಳೂವರೆ ಕಿ.ಮೀ. ಆಸುಪಾಸು, ಅಷ್ಟರಲ್ಲಿ 400 ಮೀಟರಿಗೂ ಸ್ವಲ್ಪ ಹೆಚ್ಚು ಎತ್ತರ. ಸರಾಸರಿ ಶೇ 5ರಿಂದ 6. ಲೇಹ್ ಪೇಟೆಯಿಂದ ಖರ್ದುಂಗ್ ಲಾ ನೆತ್ತಿಗೆ ಸುಮಾರು 40 ಕಿ.ಮೀ., ಏರಿಕೆ 1,850 ಮೀಟರ್ ಹತ್ತಿರ. ಸರಾಸರಿ ಶೇ 5 ಕೂಡ ಇಲ್ಲ. ಲೆಕ್ಕದಲ್ಲಿ ನಂದಿಯೇ ಕಡಿದು. ಆದರೆ ನಂದಿಯನ್ನು ವಾರ ವಾರ ಹತ್ತಿ, ಮೇಲೆ ಹೋದ ಮೇಲೂ ಹರಟುವಷ್ಟು ಉಸಿರು ಉಳಿಸಿಕೊಳ್ಳುವವರು ಇಲ್ಲಿನ ಕೊನೆಯ ಹತ್ತು ಕಿ.ಮೀ.ನಲ್ಲಿ ಮೈಲಿಗಲ್ಲು ಕಂಡಲ್ಲೆಲ್ಲ ಕಾಲು ಕೆಳಗಿಡುತ್ತಾರೆ.

ಕಾರಣ ಗಾಳಿ. ಲೇಹ್ ಊರೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಆಲ್ಪ್ಸ್ ಪರ್ವತದ ಅತಿ ಎತ್ತರದ ಡಾಂಬರು ಘಾಟಿ, ಫ್ರಾನ್ಸಿನ ಕೋಲ್ ಡೆ ಲಿಸೆರಾನ್, 2,764 ಮೀಟರ್. ಅಂದರೆ ಯುರೋಪಿನ ದೊಡ್ಡ ರೇಸುಗಳ ಸವಾರರು ಏದುಸಿರು ಬಿಟ್ಟು ತಲುಪುವ ನೆತ್ತಿಗಿಂತ 700 ಮೀಟರ್ ಮೇಲೆ ನೀವು ಹಾಸಿಗೆಯಲ್ಲಿ ಮಲಗಿರುತ್ತೀರಿ. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. 5,300 ಮೀಟರ್ ಮುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ. ಕಾಲಲ್ಲಿ ಎಷ್ಟೇ ಬಲವಿದ್ದರೂ ಆ ಅರ್ಧ ಗಾಳಿಯಲ್ಲೇ ತುಳಿಯಬೇಕು.

ಹಾಗಾಗಿ ಇಲ್ಲಿ ದಾರಿ ಆರಿಸುವಾಗ ಏರಿನ ಕಡಿದನ್ನಾಗಲಿ, ನೆತ್ತಿಯ ಮೇಲಿನ ಫಲಕವನ್ನಾಗಲಿ ನೋಡಬೇಡಿ ಎಂಬುದೇ ನನ್ನ ಮಾತು. ನೋಡಬೇಕಾದದ್ದು ಎರಡು. ಆ ಏರಿನ ಹಿಂದಿನ ರಾತ್ರಿ ಮತ್ತು ಮುಂದಿನ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ? ದಾರಿಯಲ್ಲಿ ಎತ್ತರದ ಕಾಯಿಲೆಯ ಸುಳಿವಾದ ತಲೆನೋವು ಶುರುವಾದರೆ ಬೇರೆ ಏರು ಹತ್ತದೆ ಸೀದಾ ಕೆಳಗಿಳಿಯಲು ಆಗುತ್ತದೆಯೇ? ರಸ್ತೆಯ ಮೇಲ್ಮೈ, ವಾಹನ ಸಂಚಾರ, ನೋಟ ಎಲ್ಲ ಆಮೇಲೆ.

ಲೇಹ್‌ಗೆ ಬರುವ ದಾರಿ: ಶ್ರೀನಗರವೇ, ಮನಾಲಿಯೇ, ವಿಮಾನವೇ

ಎರಡು ವಾರಕ್ಕಿಂತ ಹೆಚ್ಚು ಬಿಡುವಿದ್ದವರು ಸೈಕಲ್ಲಿನಲ್ಲೇ ಲೇಹ್ ತಲುಪಲು ಬಯಸುತ್ತಾರೆ. ಹೆಚ್ಚಿನವರ ಕಣ್ಣು ಮನಾಲಿ ದಾರಿಯ ಮೇಲೆ. ಆ ದಾರಿಯ ಚೆಲುವಿನ ಬಗ್ಗೆ ತಕರಾರಿಲ್ಲ, ಆದರೆ ರಾತ್ರಿಯ ತಂಗುದಾಣಗಳನ್ನು ನೋಡಿ. ಕೇಲಾಂಗ್, ಜಿಸ್ಪಾ 3,100–3,200 ಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬಾರಾಲಾಚಾ ಲಾ (4,890 ಮೀಟರ್) ದಾಟಿದರೆ ಮುಂದಿನ ನೆಲೆ ಸರ್ಚು, ಸುಮಾರು 4,300. ಅದರ ಮುಂದಿನದು ಪಾಂಗ್, ಸುಮಾರು 4,600. ಒಂದೆರಡು ದಿನದಲ್ಲಿ ಮಲಗುವ ಎತ್ತರ ಸಾವಿರ ಮೀಟರಿಗೂ ಹೆಚ್ಚು ಜಿಗಿಯುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು ಎನ್ನುವುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು: ಸರ್ಚುವಿನಲ್ಲಿ ರಾತ್ರಿ ಹುಷಾರು ತಪ್ಪಿದರೆ ಒಂದು ಕಡೆ ಬಾರಾಲಾಚಾ, ಇನ್ನೊಂದು ಕಡೆ ಗಾಟಾ ಲೂಪ್ಸ್‌ನ 21 ತಿರುವು ಮತ್ತು ಅದರ ಮೇಲೆ 5,000 ಮೀಟರ್ ದಾಟುವ ಲಾಚುಲುಂಗ್ ಲಾ. ಯಾವ ಕಡೆ ಹೊರಟರೂ ಇಳಿಯುವ ಮೊದಲು ಏರಲೇಬೇಕು.

ಶ್ರೀನಗರದ ದಾರಿ ಇದಕ್ಕೆ ತದ್ವಿರುದ್ಧ. ಸೋನಮಾರ್ಗ್ ಸುಮಾರು 2,700 ಮೀಟರ್. ಜೋಜಿ ಲಾ (3,528) ದಾಟಿ ದ್ರಾಸ್, ಅಲ್ಲಿಂದ ಮತ್ತೆ 2,700ಕ್ಕೆ ಇಳಿದು ಕಾರ್ಗಿಲ್. ಆಮೇಲೆ ಮುಲ್ಬೇಖ್, ನಮಿಕಾ ಲಾ (3,700), ಫೋತು ಲಾ (4,108), ಲಾಮಾಯುರು, ಮತ್ತೆ 3,000ಕ್ಕೆ ಇಳಿದು ಖಾಲ್ತ್ಸೆ, ಕೊನೆಗೆ ಲೇಹ್. ಹಗಲು ಏರಿ ರಾತ್ರಿ ಇಳಿದು ಮಲಗುವ ಕ್ರಮ ತಾನಾಗಿಯೇ ಸಿಗುತ್ತದೆ. ಸುಮಾರು 420 ಕಿ.ಮೀ. ದಾರಿಯಲ್ಲಿ ಜೋಜಿ ಲಾ ಒಂದೇ ತ್ರಾಸದ ಜಾಗ: ಧೂಳು, ಕೆಸರು, ಲಾರಿಗಳ ಸಾಲು. ಅದರಾಚೆ ರಸ್ತೆ ಬಹುಪಾಲು ಚೆನ್ನಾಗಿದೆ, ಊರುಗಳು ಹತ್ತಿರ ಹತ್ತಿರ ಇವೆ. ಮೊದಲ ಸಲ ಬರುವವರು ಶ್ರೀನಗರದಿಂದ ಬಂದು, ದೇಹ ಒಗ್ಗಿದ ಮೇಲೆ ಬೇಕಿದ್ದರೆ ಮನಾಲಿ ಕಡೆಗೆ ಇಳಿಯಲಿ. ಎದುರು ದಿಕ್ಕಿನಲ್ಲಿ ಹೋಗುವಾಗ ಪಾಂಗ್, ಸರ್ಚುವಿನ ರಾತ್ರಿಗಳು ಅಷ್ಟು ಕಾಡುವುದಿಲ್ಲ.

ವಿಮಾನದಲ್ಲಿ ಬರುವವರೇ ಬಹುಮಂದಿ, ರಜೆ ಇರುವುದೇ ಅಷ್ಟು. ಅವರು ಮೊದಲ ಎರಡು ದಿನ ಸೈಕಲ್ ಜೋಡಿಸಿಟ್ಟು ಸುಮ್ಮನಿರಬೇಕು. ಪೇಟೆಯಲ್ಲಿ ನಿಧಾನಕ್ಕೆ ಅಡ್ಡಾಡಿ, ನೀರು ಕುಡಿಯಿರಿ, ಹೊಟ್ಟೆ ತುಂಬ ಉಣ್ಣಿರಿ, ಮದ್ಯ ಬೇಡ. ಶಾಂತಿ ಸ್ತೂಪದ ಮೆಟ್ಟಿಲು ಕೂಡ ಮೊದಲ ದಿನ ಬೇಡ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಾಜೋಲಮೈಡ್ ಮಾತ್ರೆ ತೆಗೆದುಕೊಳ್ಳಬೇಕೇ ಬೇಡವೇ ಎಂದು ಊರು ಬಿಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಜೊತೆಯವರು ನುಂಗಿದರೆಂದು ನೀವೂ ನುಂಗಬೇಡಿ.

ಸಿಂಧೂ ದಂಡೆಯ ದಾರಿಗಳು: ಪೂರ್ವಕ್ಕೋ ಪಶ್ಚಿಮಕ್ಕೋ

ಮೂರನೆಯ ದಿನದಿಂದ ಸಿಂಧೂ ಕಣಿವೆಯ ತಳದಲ್ಲಿ ತುಳಿಯಬಹುದು. ಇದನ್ನು ಬರೀ ತಯಾರಿ ಎಂದು ನೋಡುವವರ ಬಗ್ಗೆ ನನಗೆ ಬೇಸರ. ಲಡಾಖಿನ ಜನಜೀವನ ಇರುವುದೇ ಈ ದಂಡೆಯಲ್ಲಿ: ಪೋಪ್ಲರ್ ಸಾಲು, ಬಾರ್ಲಿ ಗದ್ದೆ, ಗುಡ್ಡದ ಮೇಲೆ ಗೊಂಪಾ, ಅಂದರೆ ಬೌದ್ಧ ಮಠ.

ಪೂರ್ವದ ದಾರಿ ಶೇ, ಥಿಕ್ಸೆ, ಕಾರು. ಲೇಹ್‌ನಿಂದ ಚೋಗ್ಲಮ್ಸರ್‌ವರೆಗೆ ಇಳಿಜಾರು, ಅಲ್ಲಿಂದ ನದಿಯ ಮೇಲ್ದಿಕ್ಕಿಗೆ ಗೊತ್ತೇ ಆಗದಷ್ಟು ನಯವಾದ ಏರು. ಥಿಕ್ಸೆ 19–20 ಕಿ.ಮೀ., ಮೊದಲ ಸವಾರಿಗೆ ಅಷ್ಟು ಸಾಕು. ಮಾರನೆಯ ದಿನ ಕಾರುವಿನಲ್ಲಿ ಸೇತುವೆ ದಾಟಿ ಹೆಮಿಸ್‌ಗೆ ಹೋಗಿ. ಕೊನೆಯ ಆರೇಳು ಕಿ.ಮೀ. ನಿಜವಾದ ಏರು, ಹೆಮಿಸ್ ಗೊಂಪಾ ಬೆಟ್ಟದ ಸಂದಿಯಲ್ಲಿ ಅಡಗಿ ಕೂತಿರುವುದರಿಂದ ತೀರಾ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಮೊದಲ ಘಾಟಿಗೆ ನಿಮ್ಮ ಉಸಿರು ಸಿದ್ಧವಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹೆಮಿಸ್ ಏರಿನಲ್ಲಿ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ಖರ್ದುಂಗ್ ಲಾವನ್ನು ಇನ್ನೆರಡು ದಿನ ಮುಂದೂಡಿ.

ಬರುವಾಗ ಹೆದ್ದಾರಿ ಹಿಡಿಯಬೇಡಿ. ನದಿಯ ಎಡದಂಡೆಯಲ್ಲಿ ಸ್ಟಕ್ನಾ, ಮಾಥೋ, ಸ್ಟೋಕ್ ಊರುಗಳ ಮೂಲಕ ಕಿರುರಸ್ತೆ ಇದೆ. ಹೆದ್ದಾರಿಯಲ್ಲಿ ಮಿಲಿಟರಿ ಲಾರಿಗಳ ಹೊಗೆ ಕುಡಿಯುತ್ತಾ ಬರುವುದಕ್ಕೂ, ಈ ಕಡೆ ನೀರುಗಾಲುವೆ, ಕುರಿಮಂದೆಗಳ ನಡುವೆ ಬರುವುದಕ್ಕೂ ಹೋಲಿಕೆಯೇ ಇಲ್ಲ.

ಪಶ್ಚಿಮದ ದಾರಿ ನಿಮ್ಮು ಕಡೆಗೆ. ಸ್ಪಿತುಕ್‌ವರೆಗೆ ಇಳಿದು, ಪತ್ಥರ್ ಸಾಹಿಬ್ ಗುರುದ್ವಾರದ ಬಯಲಿಗೆ ಏರಿ, ಕೊನೆಗೆ ಒಂದು ಉದ್ದನೆಯ ಇಳಿಜಾರು. ಆ ಇಳಿಜಾರಿನ ತಿರುವಿನಲ್ಲಿ ನಿಂತರೆ ಕೆಳಗೆ ಜಾಂಸ್ಕಾರ್ ನದಿ ಸಿಂಧೂವನ್ನು ಸೇರುವುದು ಕಾಣುತ್ತದೆ. ಎರಡು ಬಣ್ಣದ ನೀರು ಒಂದಿಷ್ಟು ದೂರ ಬೇರೆ ಬೇರೆಯಾಗೇ ಹರಿಯುತ್ತದೆ. ಲೇಹ್–ನಿಮ್ಮು 35 ಕಿ.ಮೀ. ನೋಟಕ್ಕೆ ಪೂರ್ವಕ್ಕಿಂತ ಇದೇ ಮಿಗಿಲು, ಆದರೆ ಹೋಗುವಾಗ ಇಳಿದದ್ದನ್ನೆಲ್ಲ ವಾಪಸು ಬರುವಾಗ ಏರಬೇಕು. ಒಂದೇ ದಿನದಲ್ಲಿ ಹೋಗಿ ಬರುವುದಾದರೆ ಪೂರ್ವ ಹಗುರ. ರಾತ್ರಿ ಉಳಿಯುವುದಾದರೆ ಪಶ್ಚಿಮವೇ ಸರಿ: ಬಾಸ್ಗೋ, ಸಸ್ಪೋಲ್, ಆಲ್ಚಿ, ಎಲ್ಲ ಕಡೆ ಮನೆವಾಸ ಸಿಗುತ್ತದೆ, ಮಲಗುವ ಎತ್ತರ ಲೇಹ್‌ಗಿಂತ ಕಡಿಮೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಈ ಕೆಳಗಿನ ಊರುಗಳಲ್ಲಿ ಏಪ್ರಿಕಾಟ್ ಹಣ್ಣಾಗಿರುತ್ತದೆ. ಮನೆಯ ಸೂರಿನ ಮೇಲೆ, ಬಂಡೆಗಳ ಮೇಲೆ ಕಿತ್ತಳೆ ಬಣ್ಣದ ಹಣ್ಣು ಹರವಿ ಒಣಗಿಸಿರುತ್ತಾರೆ. ಕೇಳಿದರೆ ಬೊಗಸೆ ತುಂಬ ಕೊಡುತ್ತಾರೆ.

ಗಾಳಿಯ ಲೆಕ್ಕ ಎರಡೂ ದಾರಿಗೂ ಒಂದೇ. ಬೆಳಿಗ್ಗೆ ಕಣಿವೆ ಶಾಂತ. ಮಧ್ಯಾಹ್ನ ಬಂಡೆಗಳು ಕಾದ ಮೇಲೆ ಗಾಳಿ ಕೆಳಗಿನಿಂದ ಕಣಿವೆಯ ಮೇಲ್ದಿಕ್ಕಿಗೆ ನುಗ್ಗುತ್ತದೆ, ಮರಳೂ ಜೊತೆಗೆ. ಖಾಲ್ತ್ಸೆ ಕಡೆಗೆ ಇಳಿಜಾರು ತಾನೇ ಎಂದು ಹತ್ತು ಗಂಟೆಗೆ ಹೊರಟವರು ಮಧ್ಯಾಹ್ನ ಇಳಿಜಾರಿನಲ್ಲೂ ಗೇರ್ ಇಳಿಸಿ ತುಳಿಯಬೇಕಾಗುತ್ತದೆ. ಆರು ಗಂಟೆಗೆ ಹೊರಡಿ, ಒಂದು ಗಂಟೆಯೊಳಗೆ ತಂಗುದಾಣ ಸೇರಿ.

ಫೋತು ಲಾ: ಹೆಸರಿಲ್ಲದ ಒಳ್ಳೆಯ ಏರು

ರಸ್ತೆ ಸೈಕಲ್ ಓಡಿಸುವವರಿಗೆ ಈ ಪ್ರದೇಶದಲ್ಲಿ ನಾನು ಮೊದಲು ಹೇಳುವ ಏರು ಇದು. 4,108 ಮೀಟರ್, ಶ್ರೀನಗರ–ಲೇಹ್ ಹೆದ್ದಾರಿಯ ಅತಿ ಎತ್ತರದ ಜಾಗ. ಖಾಲ್ತ್ಸೆಯಿಂದ ಲೆಕ್ಕ ಹಾಕಿದರೆ 1,100 ಮೀಟರ್ ಏರಿಕೆ, 40 ಕಿ.ಮೀ. ಹತ್ತಿರ. ನಡುವೆ ಲಾಮಾಯುರು. ಹಳದಿ ಮಣ್ಣು ಮಡಿಕೆ ಮಡಿಕೆಯಾಗಿ ಸವೆದು ನಿಂತ ಗುಡ್ಡಗಳು, ಅವುಗಳ ಅಂಚಿನಲ್ಲಿ ಗೊಂಪಾ. ಲಾಮಾಯುರುವಿನಲ್ಲಿ ರಾತ್ರಿ ಉಳಿದು ಬೆಳಿಗ್ಗೆ 15 ಕಿ.ಮೀ. ಏರಿದರೆ ನೆತ್ತಿ. ಸರಾಸರಿ ಶೇ 4, ನಯವಾದ ಡಾಂಬರು, ಹದವಾದ ತಿರುವುಗಳು. 28 ಮಿ.ಮೀ. ಟೈರಿನ ರೋಡ್ ಬೈಕಿಗೂ ಒಗ್ಗುವ ದಾರಿ.

ಇದಕ್ಕೆ ಹೆಸರು ಬಾರದಿರುವುದು ಎತ್ತರದ ಅಂಕಿ ಚಿಕ್ಕದು ಎಂಬ ಒಂದೇ ಕಾರಣಕ್ಕೆ. ಆದರೆ ತುಳಿಯುವ ಸುಖ ಬೇಕಿದ್ದರೆ, ಅಂದರೆ ಒಂದು ಲಯ ಹಿಡಿದು ಗಂಟೆಗಟ್ಟಲೆ ಏರುವುದು, ಮೇಲೆ ತಲುಪಿ ಸುತ್ತ ನೋಡುವಷ್ಟು ಶಕ್ತಿ ಉಳಿದಿರುವುದು, ಅದು 4,000 ಮೀಟರ್ ಆಸುಪಾಸಿನಲ್ಲಿ ಸಿಗುತ್ತದೆ; 5,300ರಲ್ಲಿ ಸಿಗುವುದಿಲ್ಲ. ಇನ್ನೂ ಕಾಲಿದೆ ಎನ್ನುವವರು ಆಚೆ ಇಳಿದು ನಮಿಕಾ ಲಾ ಏರಿ ಮುಲ್ಬೇಖ್‌ನಲ್ಲಿ ಉಳಿಯಬಹುದು. ಅಲ್ಲಿ ಹೆದ್ದಾರಿ ಪಕ್ಕದಲ್ಲೇ ಬಂಡೆಯಲ್ಲಿ ಕಡೆದ ಎತ್ತರದ ಮೈತ್ರೇಯ ಬುದ್ಧನಿದ್ದಾನೆ.

ಖರ್ದುಂಗ್ ಲಾ

ಇನ್ನು ಎಲ್ಲರೂ ಕೇಳುವ ಏರು. ಬಹುಕಾಲ ಅಲ್ಲಿದ್ದ ಫಲಕದಲ್ಲಿ 18,380 ಅಡಿ, ಅಂದರೆ 5,602 ಮೀಟರ್ ಎಂದಿತ್ತು. ಉಪಗ್ರಹದ ನೆರವಿನ ಅಳತೆಗಳು ಹೇಳುವುದು 5,359 ಮೀಟರ್. ಜಗತ್ತಿನ ಅತಿ ಎತ್ತರದ ರಸ್ತೆ ಎಂಬ ಮಾತೂ ಈಗ ಹಳತು. ಗಡಿ ರಸ್ತೆ ಸಂಸ್ಥೆ ಪೂರ್ವ ಲಡಾಖಿನ ಉಮ್ಲಿಂಗ್ ಲಾದಲ್ಲಿ 19,024 ಅಡಿ ಎತ್ತರಕ್ಕೆ ರಸ್ತೆ ಒಯ್ದು 2021ರಲ್ಲಿ ಗಿನ್ನೆಸ್ ದಾಖಲೆ ಪಡೆಯಿತು. ಈ ಅಂಕಿಗಳಿಂದ ಖರ್ದುಂಗ್ ಲಾದ ಬೆಲೆ ತಗ್ಗಿತು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. 5,300ರ ಮೇಲಿನ ಘಾಟಿಗಳಲ್ಲಿ ಮೊದಲು ಏರಬೇಕಾದದ್ದು ಇದನ್ನೇ ಎನ್ನಲು ಬೇರೆಯೇ ಗಟ್ಟಿ ಕಾರಣವಿದೆ: ಇದರ ಬುಡದಲ್ಲಿ ಊರಿದೆ, ಆ ಊರಲ್ಲಿ ಆಸ್ಪತ್ರೆಯಿದೆ, ನಿಮ್ಮ ಹಾಸಿಗೆಯಿದೆ. 40 ಕಿ.ಮೀ. ಉದ್ದಕ್ಕೂ ಯಾವ ಜಾಗದಲ್ಲಿ ತಲೆ ಸಿಡಿಯಲು ಶುರುವಾದರೂ ಸೈಕಲ್ ತಿರುಗಿಸಿದರೆ ಆಯಿತು, ಒಂದು ತುಳಿತವೂ ಬೇಡದೆ ಲೇಹ್ ಸೇರುತ್ತೀರಿ. ಇಷ್ಟು ಎತ್ತರದ ಇನ್ನಾವ ಘಾಟಿಗೂ ಇಂಥ ಅನುಕೂಲವಿಲ್ಲ.

ದಾರಿಯನ್ನು ಎರಡು ಭಾಗ ಮಾಡಿಕೊಳ್ಳಿ. ಲೇಹ್‌ನಿಂದ ಸೌತ್ ಪುಲ್ಲುವರೆಗೆ ಸುಮಾರು 25 ಕಿ.ಮೀ., ಒಳ್ಳೆಯ ಡಾಂಬರು. ಗಂಗ್ಲಾಸ್ ಊರಿನ ಹಸಿರು ಮುಗಿದ ಮೇಲೆ ಬರೀ ಕಲ್ಲು. ಪ್ರತಿ ತಿರುವಿನಲ್ಲೂ ಲೇಹ್ ಇನ್ನಷ್ಟು ಚಿಕ್ಕದಾಗುತ್ತದೆ, ಎದುರಿಗೆ ಸಿಂಧೂವಿನ ಆಚೆ ಸ್ಟೋಕ್ ಕಾಂಗ್ರಿಯ ಹಿಮ ಇನ್ನಷ್ಟು ದೊಡ್ಡದಾಗುತ್ತದೆ. ಸೌತ್ ಪುಲ್ಲು 4,650 ಮೀಟರ್ ಹತ್ತಿರ. ತಪಾಸಣೆ ಚೌಕಿ, ಚಹಾ, ಮ್ಯಾಗಿ. ಇಲ್ಲಿ ಕೂತು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು. ಹಸಿವಿದೆಯೇ? ಮ್ಯಾಗಿಯ ವಾಸನೆ ಹಿತವಾಗಿದೆಯೇ, ವಾಕರಿಕೆ ತರುತ್ತಿದೆಯೇ? ತಲೆನೋವು ಶುರುವಾಗಿ, ಊಟ ಸೇರದೆ ಹೋದರೆ ಅವತ್ತಿನ ಏರು ಇಲ್ಲಿಗೇ ಮುಗಿಯಿತು.

ಮೇಲಿನ 15 ಕಿ.ಮೀ. ಬೇರೆಯೇ ಲೋಕ. ಚಳಿಗಾಲದ ಹಿಮ ಪ್ರತಿವರ್ಷ ರಸ್ತೆಯನ್ನು ಕಿತ್ತುಹಾಕುತ್ತದೆ, ಪ್ರತಿ ಬೇಸಿಗೆ ಮತ್ತೆ ಹಾಕುತ್ತಾರೆ. ಯಾವ ತುಂಡು ಚೆನ್ನಾಗಿದೆ, ಯಾವುದು ಜಲ್ಲಿ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಇಲ್ಲಿ ಕಾಲಿಗಿಂತ ಉಸಿರು ಮುಖ್ಯ. ನಾನು ಕಂಡುಕೊಂಡ ಕ್ರಮ: ಅತಿ ಸಣ್ಣ ಗೇರಿಗೆ ಹಾಕಿ, ಎರಡು ತುಳಿತಕ್ಕೆ ಒಂದು ಉಸಿರು ಒಳಗೆ, ಎರಡಕ್ಕೆ ಒಂದು ಹೊರಗೆ. ಗುಂಡಿ ತಪ್ಪಿಸಲು ನಾಲ್ಕು ತುಳಿತ ಜೋರಾಗಿ ಹಾಕಿದರೂ ಆ ಲಯ ಮುರಿಯುತ್ತದೆ, ಮತ್ತೆ ಹಿಡಿಯಲು ಅರ್ಧ ಕಿ.ಮೀ. ಬೇಕು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿಯಲು ಉಸಿರು ಹಿಡಿದರೆ ಸಾಕು, ಅದರ ಸಾಲ ತೀರಿಸಲು ಒಂದು ತಿರುವು ಹಿಡಿಯುತ್ತದೆ. ಹಾಗಾಗಿ ನೀರು ಕುಡಿಯುವಾಗ ನಿಂತೇ ಕುಡಿಯಿರಿ. ಮಧ್ಯಾಹ್ನ ಎರಡರ ಹೊತ್ತಿಗೆ ಮೇಲಿನ ಹಿಮ ಕರಗಿ ರಸ್ತೆಗೆ ಅಡ್ಡಲಾಗಿ ಹರಿಯತೊಡಗುತ್ತದೆ. ಬೆಳಿಗ್ಗೆ ಒಣಗಿದ್ದ ಜಾಗದಲ್ಲಿ ಮೀನಖಂಡದವರೆಗೆ ತಣ್ಣೀರು. ಶೂ ಒದ್ದೆಯಾದರೆ ಇಳಿಯುವಾಗ ಕಾಲ್ಬೆರಳು ಮರಗಟ್ಟುತ್ತವೆ.

ಬೆಳಿಗ್ಗೆ ಐದಕ್ಕೆ ಹೊರಡಿ. ಘಾಟಿಯಾಚೆಯ ನುಬ್ರಾ ಕಣಿವೆಗೆ ಹೋಗುವ ಟ್ಯಾಕ್ಸಿಗಳು ಎಂಟರಿಂದ ಹತ್ತರವರೆಗೆ ಸಾಲುಗಟ್ಟುತ್ತವೆ, ಅಷ್ಟರೊಳಗೆ ಸೌತ್ ಪುಲ್ಲು ಹತ್ತಿರವಿದ್ದರೆ ಮೇಲಿನ ಭಾಗ ಸ್ವಲ್ಪ ನಿರಾಳ. ಅಭ್ಯಾಸವಿದ್ದವರಿಗೂ ಒಟ್ಟು ಐದಾರು ಗಂಟೆ ಹಿಡಿಯುತ್ತದೆ. ನೆತ್ತಿಯಲ್ಲಿ ಫೋಟೋ ತೆಗೆಸಿಕೊಂಡು, ಬೆಚ್ಚಗಿನ ಕೈಗವಸು, ಗಾಳಿ ತಡೆಯುವ ಜಾಕೆಟ್ ಹಾಕಿಕೊಂಡು ಇಳಿಯಿರಿ. ಜುಲೈಯಲ್ಲೂ ಅಲ್ಲಿ ಹಿಮ ಬೀಳುವುದುಂಟು.

ಪೇಟೆಯ ಅಂಗಡಿಗಳು ಇನ್ನೊಂದು ದಾರಿ ತೋರಿಸುತ್ತವೆ: ಜೀಪಿನಲ್ಲಿ ಸೈಕಲ್ ಸಮೇತ ಮೇಲೆ ಬಿಟ್ಟು, ನೀವು ಇಳಿದು ಬರುವುದು. ನಾಲ್ಕೈದು ದಿನವಷ್ಟೇ ಇರುವವರಿಗೆ, ಮಕ್ಕಳ ಜೊತೆ ಬಂದವರಿಗೆ ಇದು ಒಳ್ಳೆಯ ಆಯ್ಕೆಯೇ. ಆದರೆ ಜೀಪಿನಲ್ಲಿ ಹೋದರೂ ಎತ್ತರ ಅಷ್ಟೇ. ವಿಮಾನ ಇಳಿದ ಮಾರನೆಯ ದಿನ ಹೋಗಬೇಡಿ. ಹೊರಡುವ ಮುನ್ನ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಎಂದು ನೀವೇ ಬಗ್ಗಿ ನೋಡಿ. ಬ್ರೇಕ್ ಒತ್ತಿಯೇ ಇರಬೇಡಿ, ತಿರುವಿಗೆ ಮುಂಚೆ ಹಿಡಿದು ಬಿಡಿ.

ಆಚೆ ಬದಿಯ ಏರು ಇನ್ನೂ ದೊಡ್ಡದು. ನುಬ್ರಾದ ಡಿಸ್ಕಿಟ್, ಹುಂಡರ್ ಇರುವುದು 3,150 ಮೀಟರ್ ಹತ್ತಿರ, ಲೇಹ್‌ಗಿಂತ ಕೆಳಗೆ. ಹಾಗಾಗಿ ಘಾಟಿ ದಾಟಿ ನುಬ್ರಾದಲ್ಲಿ ಒಂದೆರಡು ರಾತ್ರಿ ಉಳಿಯುವುದು ದೇಹಕ್ಕೆ ಒಳ್ಳೆಯ ವಿಶ್ರಾಂತಿ. ವಾಪಸು ಬರುವಾಗ ಮಾತ್ರ 2,200 ಮೀಟರ್ ಏರಿಕೆ ಎದುರಾಗುತ್ತದೆ. ಅದನ್ನು ಒಂದೇ ದಿನ ಮುಗಿಸುವ ಹಟ ಬೇಡ. ನಡುವೆ ಖರ್ದುಂಗ್ ಎಂಬ ಊರಿದೆ, ಸುಮಾರು 3,975 ಮೀಟರ್. ಅಲ್ಲಿ ಮನೆವಾಸ ಮಾಡಿ, ಮಾರನೆಯ ದಿನ ಉಳಿದ 32 ಕಿ.ಮೀ. ಏರಿ. ಲಡಾಖ್ ಮ್ಯಾರಥಾನ್‌ನ 72 ಕಿ.ಮೀ. ಓಟ, ಖರ್ದುಂಗ್ ಲಾ ಚಾಲೆಂಜ್, ಶುರುವಾಗುವುದೂ ಇದೇ ಊರಿನಿಂದ. ನಾವು ಸೈಕಲ್ಲಿನಲ್ಲಿ ಏದುಸಿರು ಬಿಡುವ ಜಾಗವನ್ನು ಅವರು ಓಡಿ ದಾಟುತ್ತಾರೆ.

ಚಾಂಗ್ ಲಾ, ವಾರಿ ಲಾ: ಒಂದೇ ಊರಿಂದ ಎರಡು ದಾರಿ

ಎರಡಕ್ಕೂ ಬುಡ ಸಕ್ತಿ. ಲೇಹ್‌ನಿಂದ ಕಾರು 35 ಕಿ.ಮೀ., ಅಲ್ಲಿಂದ ಎಡಕ್ಕೆ ತಿರುಗಿ ಹಸಿರು ಗದ್ದೆಗಳ ನಡುವೆ ನಿಧಾನ ಏರಿದರೆ ಸಕ್ತಿ. ಗುಹೆಯ ಸುತ್ತ ಕಟ್ಟಿದ ತಕ್‌ಥೋಕ್ ಗೊಂಪಾ ಇಲ್ಲಿದೆ. ಊರಿನ ಮೇಲೆ ದಾರಿ ಕವಲೊಡೆಯುತ್ತದೆ.

ಚಾಂಗ್ ಲಾ ಎತ್ತರದಲ್ಲಿ ಖರ್ದುಂಗ್ ಲಾಗೆ ಸರಿಸಮ, 5,360 ಮೀಟರ್ ಆಸುಪಾಸು. ಕಡಿದಿನಲ್ಲಿ ಅದಕ್ಕಿಂತ ಹೆಚ್ಚು. ದಾರಿ ನಡುವಿನ ಜಿಂಗ್ರಾಲ್ ದಾಟಿದ ಮೇಲೆ ಮಾತೇ ಹೊರಡುವುದಿಲ್ಲ. ಪಾಂಗೊಂಗ್ ಸರೋವರಕ್ಕೆ ಹೋಗುವ ಪ್ರತಿ ಟ್ಯಾಕ್ಸಿಯೂ, ಮುಂಚೂಣಿಗೆ ಹೋಗುವ ಪ್ರತಿ ಸೇನಾ ಲಾರಿಯೂ ಇದೇ ರಸ್ತೆ ಹಿಡಿಯುತ್ತವೆ. ನನ್ನ ಮುಖ್ಯ ಆಕ್ಷೇಪ ಸಂಚಾರದ ಬಗ್ಗೆ ಅಲ್ಲ, ಆಚೆ ಬದಿಯ ಬಗ್ಗೆ. ನುಬ್ರಾ ಲೇಹ್‌ಗಿಂತ ತಗ್ಗಿನಲ್ಲಿದೆ; ಪಾಂಗೊಂಗ್ ದಂಡೆ 4,200 ಮೀಟರಿಗೂ ಮೇಲಿದೆ. ದಣಿದು ಘಾಟಿ ದಾಟಿದ ರಾತ್ರಿಯೇ ಇನ್ನಷ್ಟು ತೆಳು ಗಾಳಿಯಲ್ಲಿ ಮಲಗಬೇಕು, ಹುಷಾರು ತಪ್ಪಿದರೆ ಲೇಹ್ ಸೇರಲು ಮತ್ತೆ ಚಾಂಗ್ ಲಾ ಹತ್ತಬೇಕು. ಪಾಂಗೊಂಗ್ ನೋಡುವ ಆಸೆ ಸಹಜ. ಮೊದಲ ಸಲ ಬಂದವರು ವಾಹನದಲ್ಲಿ ಹೋಗಿ ಬನ್ನಿ, ಕಾಲಿನ ಶಕ್ತಿಯನ್ನು ಪಕ್ಕದ ದಾರಿಗೆ ಉಳಿಸಿಕೊಳ್ಳಿ.

ಪಕ್ಕದ ದಾರಿ ವಾರಿ ಲಾ. 5,300 ಮೀಟರ್ ಮೇಲೆ, ಖರ್ದುಂಗ್ ಲಾಗಿಂತ ಐವತ್ತು ಮೀಟರಷ್ಟೇ ಕಡಿಮೆ, ಆದರೆ ವಾಹನ ತೀರಾ ವಿರಳ. ರಸ್ತೆ ಕಿರಿದು, ಅಲ್ಲಲ್ಲಿ ಕಿತ್ತಿದೆ. ಚಮರಿಮೃಗಗಳು ಮೇಯುವ ಹುಲ್ಲುಗಾವಲಿನ ಮೂಲಕ ಸುತ್ತಿ ಸುತ್ತಿ ಏರುತ್ತದೆ. ಸಕ್ತಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಏರಿ, ಅದೇ ದಾರಿಯಲ್ಲಿ ಸಕ್ತಿಗೆ ಇಳಿದು ಬರಬಹುದು. ಇಷ್ಟು ಎತ್ತರದಲ್ಲಿ ಸ್ವಂತ ಉಸಿರು ಮತ್ತು ಚೈನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸದ ಏರು ನನಗೆ ಇನ್ನೊಂದು ಗೊತ್ತಿಲ್ಲ. ಬೆಲೆ ತೆರಬೇಕಾದದ್ದೂ ಅಲ್ಲೇ: ಚಹಾ ಅಂಗಡಿಯಿಲ್ಲ, ಫೋನ್ ಸಿಗುವುದಿಲ್ಲ, ಚೈನ್ ತುಂಡಾದರೆ ಲಿಫ್ಟ್ ಕೊಡಲು ಯಾರೂ ಬಾರದೇ ಹೋಗಬಹುದು. ಒಬ್ಬರೇ ಹೋಗಬೇಡಿ. ಖರ್ದುಂಗ್ ಲಾ ಅಥವಾ ಅಷ್ಟೇ ಎತ್ತರದ ಇನ್ನೊಂದನ್ನು ತೊಂದರೆಯಿಲ್ಲದೆ ಏರಿ ಬಂದವರು ಮಾತ್ರ ಇದಕ್ಕೆ ಕೈ ಹಾಕಿ.

ಹತ್ತು ದಿನ ಒಗ್ಗಿಕೊಂಡವರಿಗೆ ಒಂದು ಸುತ್ತು ಇದೆ: ಲೇಹ್, ಖರ್ದುಂಗ್ ಲಾ, ಖಲ್ಸರ್, ಶ್ಯೋಕ್ ನದಿಯ ದಂಡೆಯಲ್ಲಿ ಅಘಾಮ್, ವಾರಿ ಲಾ, ಸಕ್ತಿ, ಲೇಹ್. ನಾಲ್ಕು ದಿನ ಇಟ್ಟುಕೊಳ್ಳಿ. ಅಘಾಮ್ ಕಡೆಯಿಂದ ವಾರಿ ಲಾ 2,000 ಮೀಟರ್ ಆಸುಪಾಸಿನ ಏರಿಕೆ, ಇಲ್ಲಿ ಬರೆದಿರುವುದರಲ್ಲೆಲ್ಲ ಅತಿ ಕಷ್ಟದ್ದು. ಶ್ಯೋಕ್ ದಂಡೆಯ ರಸ್ತೆಯನ್ನು ನೆರೆ ಕೊಚ್ಚಿಕೊಂಡು ಹೋಗುವುದುಂಟು, ಲೇಹ್‌ನಲ್ಲಿ ಟ್ಯಾಕ್ಸಿಯವರನ್ನು ಕೇಳಿಕೊಂಡೇ ಹೊರಡಿ.

ಟಗ್ಲಾಂಗ್ ಲಾ

ಲೇಹ್–ಮನಾಲಿ ದಾರಿಯ ಘಾಟಿ, 5,328 ಮೀಟರ್. ಉಪ್ಶಿಯಲ್ಲಿ ಸಿಂಧೂ ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ನೇರಳೆ, ಕಡುಗೆಂಪು ಬಂಡೆಗಳ ಕಿರಿದಾದ ಕಮರಿ. ಮಿರು, ಗ್ಯಾ ದಾಟಿ ರುಮ್ತ್ಸೆ. ಅಲ್ಲಿವರೆಗೆ ಮೂವತ್ತು ಕಿ.ಮೀ., ಅಲ್ಲಿಂದ ನೆತ್ತಿಗೆ ಇನ್ನೂ ಹೆಚ್ಚುಕಡಿಮೆ ಅಷ್ಟೇ. ಸರಾಸರಿ ಏರು ಶೇ 3ರಿಂದ 4, 5,000 ದಾಟುವ ಘಾಟಿಗಳಲ್ಲಿ ಅತಿ ಮೃದು. ಲೇಹ್ ಕಡೆಯ ಡಾಂಬರೂ ಇವುಗಳಲ್ಲಿ ಅತ್ಯುತ್ತಮ. ರೋಡ್ ಬೈಕ್ ತಂದು, 5,000 ಮೀಟರ್ ಮುಟ್ಟಲೇಬೇಕು ಎನ್ನುವವರಿಗೆ ಖರ್ದುಂಗ್ ಲಾಗಿಂತ ಇದು ಲೇಸು. ಒಂದೇ ತೊಡಕು, ರುಮ್ತ್ಸೆಯಲ್ಲಿ ಮಲಗುವ ಎತ್ತರ 4,200 ಮೀಟರ್ ಹತ್ತಿರ. ಲೇಹ್‌ನಲ್ಲಿ ಒಂದು ವಾರ ಕಳೆದ ಮೇಲೆ ಇಟ್ಟುಕೊಳ್ಳಿ. ಹುಷಾರು ತಪ್ಪಿದರೆ ಉಪ್ಶಿಯವರೆಗೂ ಇಳಿಜಾರೇ ಎಂಬುದು ಸಮಾಧಾನ. ಬೆಳಿಗ್ಗೆ ರುಮ್ತ್ಸೆಯ ಮನೆಗಳಲ್ಲಿ ಕೊಡುವ ದಪ್ಪ ಖಂಬೀರ್ ರೊಟ್ಟಿ, ಬೆಣ್ಣೆ, ಉಪ್ಪಿನ ಚಹಾ ಬೇಡವೆನ್ನಬೇಡಿ. ಜೇಬಿನ ಎನರ್ಜಿ ಬಾರ್ ಆ ಚಳಿಯಲ್ಲಿ ಕಲ್ಲಾಗಿರುತ್ತದೆ, ಖಂಬೀರ್ ನೆತ್ತಿಯವರೆಗೂ ಮೆತ್ತಗಿರುತ್ತದೆ.

ಉಮ್ಲಿಂಗ್ ಲಾ ಬಗ್ಗೆ ಒಂದೇ ಮಾತು: ಹಾನ್ಲೆ ಕಡೆಯ ಆ ದಾರಿಯಲ್ಲಿ ಮಲಗುವ ಜಾಗಗಳೇ ಎತ್ತರ, ಇಳಿದು ಹೋಗಲು ತಗ್ಗೇ ಇಲ್ಲ. ಮೊದಲ ಪ್ರವಾಸಕ್ಕೆ ಅದು ಪಟ್ಟಿಯಲ್ಲಿ ಬೇಡ.

ಸೈಕಲ್, ಗೇರ್, ಚಿಲ್ಲರೆ ವಿಷಯ

ಊರಿನಿಂದ ಒಯ್ಯಬೇಕೇ, ಬಾಡಿಗೆಗೆ ಪಡೆಯಬೇಕೇ? ಲೇಹ್ ಪೇಟೆಯಲ್ಲಿ ಬಾಡಿಗೆಗೆ ಸಿಗುವುದು ಬಹುಪಾಲು ಮೌಂಟನ್ ಬೈಕ್. ಥಿಕ್ಸೆ, ಹೆಮಿಸ್, ಖರ್ದುಂಗ್ ಲಾ ಇಷ್ಟೇ ಆದರೆ ಬಾಡಿಗೆಯದೇ ಸಾಕು, ಗಾತ್ರ ಸರಿಹೊಂದುವುದನ್ನು ಅರ್ಧ ದಿನ ಓಡಿಸಿ ನೋಡಿ. ಫೋತು ಲಾ, ಟಗ್ಲಾಂಗ್ ಲಾ ಏರುವವರು ಸ್ವಂತ ಸೈಕಲ್ ಒಯ್ಯುವುದು ಒಳ್ಳೆಯದು. ಮುಂದಿನ ಸಣ್ಣ ಗೇರ್ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ ಕನಿಷ್ಠ 34 ಇರಲಿ. ನಂದಿಗೆ ಸಾಕಾಗುವ ಗೇರ್ ಇಲ್ಲಿ ಸಾಲದು. ಟೈರ್ 32 ಮಿ.ಮೀ. ಅಥವಾ ಇನ್ನೂ ಅಗಲ, ಡಿಸ್ಕ್ ಬ್ರೇಕ್. ಗಾಳಿ ತುಂಬುವ ಸಿಒ2 ಸಿಲಿಂಡರ್ ವಿಮಾನದಲ್ಲಿ ಬಿಡುವುದಿಲ್ಲ, ಕೈಪಂಪ್ ತನ್ನಿ. ಹೆಚ್ಚುವರಿ ಚೈನ್ ಕೊಂಡಿ, ಹಿಂಬದಿ ಗೇರನ್ನು ಚೌಕಟ್ಟಿಗೆ ಹಿಡಿಸುವ ಗೇರ್ ಹ್ಯಾಂಗರ್ ಮರೆಯಬೇಡಿ. ನಿಮ್ಮ ಮಾದರಿಯ ಹ್ಯಾಂಗರ್ ಅಲ್ಲಿ ಸಿಗದು.

ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ನುಬ್ರಾ, ಪಾಂಗೊಂಗ್ ಕಡೆಯ ಪರವಾನಗಿ ಮತ್ತು ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಲೇಹ್ ತಲುಪಿದ ದಿನವೇ ವಿಚಾರಿಸಿ ಮುಗಿಸಿ.

ಗುಂಪಿನಲ್ಲಿ ಹೋಗುವವರು ಮೂರು ಚಿಹ್ನೆಗಳನ್ನು ಒಬ್ಬರಲ್ಲೊಬ್ಬರು ಗಮನಿಸುತ್ತಿರಬೇಕು. ಸುಮ್ಮನೆ ಕೂತಿದ್ದರೂ ಏದುಸಿರು ಮತ್ತು ಕೆಮ್ಮು. ನೇರ ಗೆರೆಯ ಮೇಲೆ ನಡೆಯಲು ಆಗದೆ ತೂರಾಡುವುದು. ಮಾತು ತೊದಲುವುದು, ಗೊಂದಲ. ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗಲಿ ಹಗಲಾಗಲಿ ವಾಹನ ಹಿಡಿದು ಕೆಳಗಿಳಿಸಿ, ಆಮ್ಲಜನಕ ಕೊಡಿಸಿ, ಆಸ್ಪತ್ರೆ ಸೇರಿಸಿ. ಬೆಳಗಾಗಲಿ ನೋಡೋಣ ಎಂದು ಕಾಯಬಾರದು.

ಯಾವ ತಿಂಗಳು, ಎಷ್ಟು ದಿನ

ಜೂನ್‌ನಲ್ಲಿ ಘಾಟಿಗಳ ಅಂಚಿನಲ್ಲಿ ಹಿಮದ ಗೋಡೆ, ರಸ್ತೆ ತುಂಬ ಕರಗಿದ ನೀರು. ಜುಲೈ, ಆಗಸ್ಟ್ ಬೆಚ್ಚಗೆ, ಆದರೆ ಜನಜಂಗುಳಿ; ಆಗಸ್ಟ್‌ನಲ್ಲಿ ಮಳೆಯ ಭಯವೂ ಇದೆ. 2010ರ ಆಗಸ್ಟ್‌ನಲ್ಲಿ ಲೇಹ್‌ನ ಮೇಲೆ ಎರಗಿದ ಮೇಘಸ್ಫೋಟವನ್ನು ಊರಿನವರು ಇನ್ನೂ ನೆನೆಯುತ್ತಾರೆ. ನನಗೆ ಮೆಚ್ಚುಗೆ ಸೆಪ್ಟೆಂಬರ್ ಮೊದಲ ಮೂರು ವಾರ: ತೊರೆಗಳು ಇಳಿದಿರುತ್ತವೆ, ಟ್ಯಾಕ್ಸಿ ಕಡಿಮೆ, ಬಾರ್ಲಿ ಕೊಯ್ಲು ನಡೆಯುತ್ತಿರುತ್ತದೆ.

ವಿಮಾನದಲ್ಲಿ ಬಂದು ಒಂದು ವಾರ ಇರುವವರಿಗೆ: ಎರಡು ದಿನ ವಿಶ್ರಾಂತಿ, ಥಿಕ್ಸೆ, ಹೆಮಿಸ್, ಆಮೇಲೆ ಸಸ್ಪೋಲ್–ಲಾಮಾಯುರು–ಫೋತು ಲಾ, ವಾಪಸು ವಾಹನದಲ್ಲಿ. 5,000ದ ಘಾಟಿ ಈ ಸಲ ಬೇಡ. ಹತ್ತು ಹನ್ನೊಂದು ದಿನವಿದ್ದರೆ ಇದಕ್ಕೆ ಖರ್ದುಂಗ್ ಲಾ ಸೇರಿಸಿ, ಅದಕ್ಕೆ ಮುಂಚೆ ಒಂದು ದಿನ ಪೂರ್ತಿ ವಿಶ್ರಾಂತಿ. ಎರಡು ವಾರವಿದ್ದರೆ ರೋಡ್ ಬೈಕಿನವರು ಟಗ್ಲಾಂಗ್ ಲಾ ಕಡೆ ಹೋಗಿ, ಅಗಲ ಟೈರಿನವರು ಜೊತೆಗಾರರಿದ್ದರೆ ವಾರಿ ಲಾ ಕಡೆ. ಕೊನೆಯ ಒಂದು ದಿನವನ್ನು ಯಾವ ಲೆಕ್ಕಕ್ಕೂ ಸೇರಿಸದೆ ಖಾಲಿ ಇಡಿ. ಹವಾಮಾನ ಕೆಟ್ಟು ಲೇಹ್ ವಿಮಾನ ರದ್ದಾಗುವುದು ಸಾಮಾನ್ಯ.